ಡಾಂಬರು ಬೇಡವೆಂದ ಬಡಾವಣೆ: ಬೆಂಗಳೂರಿನ ಅಂಚಿನಲ್ಲಿ ನೀರು, ಒಳಚರಂಡಿ, ರಸ್ತೆಗಳ ಒಂದು ಪ್ರಕರಣ

ಹಿನ್ನೆಲೆ

ನೂರು ವಾರ್ಡುಗಳ ಹಳೆಯ ಬೆಂಗಳೂರು ಮಹಾನಗರ ಪಾಲಿಕೆಗೆ ಏಳು ನಗರಸಭೆಗಳನ್ನೂ ಒಂದು ಪುರಸಭೆಯನ್ನೂ ಸುತ್ತಲಿನ 110 ಹಳ್ಳಿಗಳನ್ನೂ ಸೇರಿಸಿ 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು (ಬಿಬಿಎಂಪಿ) ರಚಿಸಲಾಯಿತು. ಈ ಅಧ್ಯಯನದ ಬಡಾವಣೆ ಆ 110 ಹಳ್ಳಿಗಳಲ್ಲೊಂದರ ಹೊಲಗಳ ಮೇಲೆ ಎದ್ದದ್ದು. ಊರಿನ, ಬಡಾವಣೆಯ, ವ್ಯಕ್ತಿಗಳ ಹೆಸರುಗಳನ್ನು ಕೈಬಿಟ್ಟಿದ್ದೇನೆ. ಗುರುತು ಹಿಡಿಯಲು ನೆರವಾಗಬಹುದಾದ ಕೆಲವು ಸ್ಥಳ ವಿವರಗಳನ್ನು ಬದಲಿಸಿದ್ದೇನೆ. ಪ್ರಕರಣದಲ್ಲಿ ಬರುವ ಕಚೇರಿಗಳನ್ನು ನೀರಿನ ಕಚೇರಿ, ರಸ್ತೆಯ ಕಚೇರಿ ಎಂದಷ್ಟೇ ಕರೆಯುತ್ತೇನೆ. ಯಾವ ಘಟ್ಟದಲ್ಲಿ ಯಾರು ಏನು ತೀರ್ಮಾನಿಸಿದರು, ಅದಕ್ಕೆ ಕಾರಣವೇನಿತ್ತು ಎಂಬುದು ಇದೇ ಸ್ಥಿತಿಯಲ್ಲಿರುವ ಬೇರೆ ಬಡಾವಣೆಗಳಿಗೆ ತಿಳಿಯಲಿ ಎಂಬ ಆಸೆಯಿಂದ ಇದನ್ನು ಬರೆದಿದ್ದೇನೆ.

ಬಡಾವಣೆ ಇರುವುದು ಇಳಿಜಾರಿನಲ್ಲಿ. ಮೇಲ್ಭಾಗದಲ್ಲಿ ಹಳೆಯ ಗ್ರಾಮಠಾಣಾ, ಅಂದರೆ ಮೂಲ ಹಳ್ಳಿಯ ಮನೆಗಳಿರುವ ಜಾಗ, ನಡುವೆ ಪಂಚಾಯಿತಿಯ ಕಾಲದಲ್ಲಿ ಮಾರಾಟವಾದ ಮೂವತ್ತು ನಲವತ್ತು ಅಡಿಯ ಕಂದಾಯ ನಿವೇಶನಗಳು (ಕೃಷಿ ಜಮೀನನ್ನು ಪರಿವರ್ತಿಸದೆ ವಿಂಗಡಿಸಿದವು), ಕೆಳಗೆ ಮಳೆನೀರು ಹರಿಯುವ ದೊಡ್ಡ ರಾಜಕಾಲುವೆಯ ಪಕ್ಕದಲ್ಲಿ ಬಾಡಿಗೆಯ ವಠಾರಗಳು. ನಡುವಿನ ಮನೆಗಳಲ್ಲಿ ಬ್ಯಾಂಕು, ಕಾರ್ಖಾನೆಗಳಿಂದ ನಿವೃತ್ತರಾದವರೂ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುವ ಅವರ ಮಕ್ಕಳೂ ಇದ್ದಾರೆ. ವಠಾರಗಳಲ್ಲಿ ರಾಯಚೂರು, ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೂ ಗಾರ್ಮೆಂಟ್ಸಿಗೂ ಬಂದು ನೆಲೆಸಿದ ಕುಟುಂಬಗಳಿವೆ. ಹೆಚ್ಚಿನ ಸ್ವತ್ತುಗಳಿಗಿರುವುದು ಬಿ ಖಾತಾ, ಅಂದರೆ ಪೂರ್ತಿ ಸಕ್ರಮವಲ್ಲದ ಸ್ವತ್ತುಗಳಿಂದ ತೆರಿಗೆ ಪಡೆಯಲು ಪಾಲಿಕೆ ಇಟ್ಟ ಪ್ರತ್ಯೇಕ ದಾಖಲೆ. ತೆರಿಗೆ ಕಟ್ಟುತ್ತ ಬಂದರೂ ಸೌಲಭ್ಯ ಕೇಳುವಾಗ ತಮಗೆ ಹಕ್ಕಿದೆಯೋ ಇಲ್ಲವೋ ಎಂಬ ಅಳುಕು ಇಲ್ಲಿನವರನ್ನು ವರ್ಷಗಟ್ಟಲೆ ಹಿಂದಕ್ಕೆ ಎಳೆದಿತ್ತು.

ನೀರಿಗೆ ಆಧಾರವಾಗಿದ್ದದ್ದು ಕೊಳವೆಬಾವಿ. ಪಂಚಾಯಿತಿ ಕಾಲದ ಓವರ್‌ಹೆಡ್ ಟ್ಯಾಂಕಿಗೆ ನೀರೆತ್ತಿ, ಬೀದಿಗೊಂದು ಸರದಿಯಂತೆ ಬಿಡುತ್ತಿದ್ದವರು ಆ ಊರಿನದೇ ನೀರುಗಂಟಿ. ಆಡಳಿತ ಪಂಚಾಯಿತಿಯಿಂದ ನಗರಕ್ಕೆ ಹೋದ ಮೇಲೂ ವಾಲ್ವಿನ ಕೀಲಿ ಅವರ ಕೈಯಲ್ಲೇ ಉಳಿದಿತ್ತು. ಈ ಪ್ರಕರಣದಲ್ಲಿ ಅವರ ಪಾತ್ರ ದೊಡ್ಡದು.

ಸಮಸ್ಯೆ

2024ರ ಬೇಸಿಗೆಯಲ್ಲಿ ನಗರದ ಸರ್ಕಾರಿ ಕೊಳವೆಬಾವಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು, ಅಂದರೆ 13,900ರಲ್ಲಿ ಸುಮಾರು 6,900, ಬತ್ತಿವೆ ಎಂದು ಸರ್ಕಾರವೇ ಹೇಳಿತು. ಈ ಬಡಾವಣೆಯ ಕೊಳವೆಬಾವಿಗಳೂ ಅವುಗಳಲ್ಲಿ ಸೇರಿದ್ದವು. ಟ್ಯಾಂಕರ್ ಮಾಲೀಕರು ಕೇಳಿದಷ್ಟು ಕೊಡಬೇಕಾಗಿ ಬಂದಾಗ ಜಿಲ್ಲಾಡಳಿತ ಮಾರ್ಚ್‌ನಲ್ಲಿ ದರ ನಿಗದಿ ಮಾಡಿತು: 5 ಕಿಲೋಮೀಟರ್ ಒಳಗಾದರೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ, ತೆರಿಗೆ ಬೇರೆ. ಅಂದರೆ ನಿಗದಿಯಾದ ದರದಲ್ಲಿ ಸಿಕ್ಕರೂ ಸಣ್ಣ ಟ್ಯಾಂಕರಿನ ನೀರು ಸಾವಿರ ಲೀಟರಿಗೆ 100 ರೂಪಾಯಿ. ಆಗ ಜಾರಿಯಲ್ಲಿದ್ದ 2014ರ ದರಪಟ್ಟಿಯಂತೆ ಕಾವೇರಿ ಸಂಪರ್ಕವಿರುವ ಮನೆಯವರು ಮೊದಲ 8,000 ಲೀಟರಿನ ತನಕ ಸಾವಿರ ಲೀಟರಿಗೆ 7 ರೂಪಾಯಿ ಕೊಡುತ್ತಿದ್ದರು. ನಗರದ ನಡುವೆ ಇರುವವರಿಗಿಂತ ಅಂಚಿನಲ್ಲಿರುವ ವಠಾರದವರು ನೀರಿಗೆ ಹಲವು ಪಟ್ಟು ಹೆಚ್ಚು ತೆರುತ್ತಿದ್ದರೆಂಬುದು ಈ ಎರಡು ಅಂಕಿಗಳಿಂದಲೇ ತಿಳಿಯುತ್ತದೆ.

ಅಷ್ಟರಲ್ಲಾಗಲೇ ಕಾವೇರಿ ಐದನೇ ಹಂತದ ಕಾಮಗಾರಿ ಕೊನೆಯ ಘಟ್ಟಕ್ಕೆ ಬಂದಿತ್ತು. ಮೊದಲ ನಾಲ್ಕು ಹಂತಗಳಿಂದ ನಗರಕ್ಕೆ ದಿನಕ್ಕೆ 145 ಕೋಟಿ ಲೀಟರ್ ಬರುತ್ತಿತ್ತು. 110 ಹಳ್ಳಿಗಳನ್ನು ಮುಖ್ಯವಾಗಿ ಗಮನದಲ್ಲಿಟ್ಟುಕೊಂಡ ಐದನೇ ಹಂತ ಅದಕ್ಕೆ 77.5 ಕೋಟಿ ಲೀಟರ್ ಸೇರಿಸಲಿತ್ತು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಂಡ ನೀರನ್ನು ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪು ಮಾಡಿ, ಸುಮಾರು ನೂರು ಕಿಲೋಮೀಟರ್ ದೂರಕ್ಕೆ, ಐನೂರು ಮೀಟರಿನಷ್ಟು ಎತ್ತರಕ್ಕೆ ತರಬೇಕು. ಇಷ್ಟು ದೊಡ್ಡ ಕೆಲಸ ಮುಗಿಯುತ್ತಿದ್ದಾಗಲೂ ಬಡಾವಣೆಯ ಒಳಗಿನ ಸ್ಥಿತಿ ಹೀಗಿತ್ತು: ನೀರಿನ ಕೊಳವೆಗಳನ್ನು ಕೆಲವು ವರ್ಷ ಮೊದಲೇ ಹಾಸಿದ್ದರೂ ಅವು ಖಾಲಿ ಬಿದ್ದಿದ್ದವು. ಒಳಚರಂಡಿ ಕೊಳವೆಯೂ ಬಹುತೇಕ ಬೀದಿಗಳಲ್ಲಿ ಇತ್ತು, ಆದರೆ ಕೆಳಗೆ ರಾಜಕಾಲುವೆಯ ದಂಡೆಯಲ್ಲಿ ಹೋಗುವ ದೊಡ್ಡ ಕೊಳವೆಗೆ ಅದನ್ನು ಸೇರಿಸುವ ಕೊನೆಯ ತುಂಡು ಜಾಗದ ತಕರಾರಿನಿಂದ ನಿಂತುಹೋಗಿತ್ತು. ಹೀಗಾಗಿ ಕೆಲವು ಮನೆಗಳವರು ಪಿಟ್ಟುಗಳನ್ನೇ, ಅಂದರೆ ಶೌಚದ ಗುಂಡಿಗಳನ್ನೇ, ನೆಚ್ಚಿಕೊಂಡಿದ್ದರು, ಇನ್ನು ಕೆಲವರು ಮಳೆನೀರು ಚರಂಡಿಗೆ ಪೈಪು ತಿರುಗಿಸಿದ್ದರು. ಎರಡು ಕೊಳವೆಗಳಿಗಾಗಿ ಅಗೆದ ರಸ್ತೆ ಮಾತ್ರ ಅಗೆದಂತೆಯೇ ಉಳಿದಿತ್ತು.

2024ರ ಮಧ್ಯದಲ್ಲಿ ರಸ್ತೆಗೆ ಡಾಂಬರು ಹಾಕಲು ಕಾರ್ಯಾದೇಶ ಬಂತು. ವರ್ಷಗಳಿಂದ ಧೂಳು ಕುಡಿದ ಜನಕ್ಕೆ ಇದಕ್ಕಿಂತ ಸಂತೋಷದ ಸುದ್ದಿ ಇರಲಿಲ್ಲ. ಪ್ರಕರಣದ ನಿಜವಾದ ತೊಡಕು ಶುರುವಾದದ್ದೂ ಇಲ್ಲಿಂದಲೇ. ಡಾಂಬರು ಹಾಕಿದ ಮೇಲೆ ಪ್ರತಿ ಮನೆಗೂ ನೀರಿನ ಸಂಪರ್ಕ ಕೊಡಲು ರಸ್ತೆಯನ್ನು ಅಡ್ಡಕ್ಕೆ ಕತ್ತರಿಸಬೇಕು. ಒಳಚರಂಡಿಯ ಕೊನೆಯ ತುಂಡಿಗಾಗಿ ಮತ್ತೆ ಅಗೆಯಬೇಕು. ಹೊಸ ಡಾಂಬರನ್ನು ಕತ್ತರಿಸಲು ಅನುಮತಿ ಸಿಗುವುದು ಕಷ್ಟ, ಸಿಕ್ಕರೆ ಶುಲ್ಕ ಹೆಚ್ಚು.

ಪ್ರಯತ್ನಗಳು

ಕ್ಷೇಮಾಭಿವೃದ್ಧಿ ಸಂಘದವರು ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ: ಎರಡೂ ಕಚೇರಿಗಳಿಗೆ ಮನವಿ ಪತ್ರ. ರಸ್ತೆಯ ಕಚೇರಿಯವರು ಅನುದಾನ ಈ ಸಾಲಿನದು, ಮಾರ್ಚ್ ಒಳಗೆ ಬಳಸದಿದ್ದರೆ ವಾಪಸಾಗುತ್ತದೆ ಎಂದರು. ನೀರಿನ ಕಚೇರಿಯವರು ಅರ್ಜಿ ಹಾಕಿ ಹಣ ಕಟ್ಟಿದವರಿಗೆ ಸಂಪರ್ಕ ಕೊಡುತ್ತೇವೆ, ಒಳಚರಂಡಿಯ ಆ ತುಂಡು ಬೇರೆ ವಿಭಾಗದ ಕಡತ ಎಂದರು. ಒಂದೊಂದೂ ಅದರ ಮಟ್ಟಿಗೆ ಸರಿಯಾದ ಉತ್ತರವೇ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿ, ಯಾವ ಕೆಲಸ ಮೊದಲು ಯಾವುದು ಆಮೇಲೆ ಎಂದು ಹೇಳುವ ಅಧಿಕಾರವಿದ್ದವರು ಯಾರೂ ಇರಲಿಲ್ಲ. ಹಿಂದೆ ಇಂಥ ಜಗ್ಗಾಟ ಕಾರ್ಪೊರೇಟರ್ ಮನೆಯ ಮುಂದೆ ತೀರ್ಮಾನವಾಗುತ್ತಿತ್ತು. ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ಚುನಾವಣೆ ನಡೆದಿರಲಿಲ್ಲ. ವಾರ್ಡಿಗೊಬ್ಬ ಪ್ರತಿನಿಧಿ ಇಲ್ಲದಿರುವುದರ ನಷ್ಟವೇನೆಂದು ತಿಳಿಯಬೇಕಾದರೆ ಹೀಗೆ ಎರಡು ಕಚೇರಿಗಳ ನಡುವೆ ಬಿದ್ದಿರುವ ರಸ್ತೆಯೊಂದನ್ನು ನೋಡಬೇಕು.

ಮನವಿಗಳಿಂದ ಪ್ರಯೋಜನವಾಗದಿದ್ದಾಗ ಸಂಘದ ಸದಸ್ಯರಲ್ಲೊಬ್ಬರಾದ ನಿವೃತ್ತ ಓವರ್‌ಸಿಯರ್ ಬೇರೆ ದಾರಿ ಹಿಡಿದರು. "ನೆಲದ ಕೆಳಗೆ ಏನಿದೆ ಅಂತ ನಮಗೇ ಗೊತ್ತಿಲ್ಲದೆ ಏನು ಅಂತ ಕೇಳೋದು?" ಎಂಬುದು ಅವರ ವಾದ. ಅದು ಗೊತ್ತಿದ್ದದ್ದು ನೀರುಗಂಟಿಗೆ. ಕೊಳವೆ ಹಾಸುವಾಗ ಗುತ್ತಿಗೆದಾರರ ಆಳುಗಳಿಗೆ ಹಳೆಯ ಪೈಪು ಎಲ್ಲಿದೆಯೆಂದು ತೋರಿಸಿದವರು ಅವರೇ. ಓವರ್‌ಸಿಯರೂ ಇಬ್ಬರು ಹುಡುಗರೂ ಅವರನ್ನು ಕರೆದುಕೊಂಡು ಬೀದಿ ಬೀದಿ ನಡೆದರು. ವಾಲ್ವ್ ಇರುವ ಕಡೆ ನೀಲಿ ಬಣ್ಣ, ಮ್ಯಾನ್‌ಹೋಲ್ ಇರುವ ಕಡೆ ಕೆಂಪು ಬಣ್ಣ ಬಳಿದು, ಗಾರೆಯವರು ಬಳಸುವ ನೀರಿನ ಟ್ಯೂಬಿನಿಂದ ಮಟ್ಟ ಹಿಡಿದು, ಎಲ್ಲವನ್ನೂ ಒಂದು ದೊಡ್ಡ ಹಾಳೆಯ ಮೇಲೆ ಗುರುತು ಹಾಕಿದರು.

ನಕ್ಷೆ ಸಿದ್ಧವಾದಾಗ ತಿಳಿದ ಸಂಗತಿಗಳು ಯಾವ ಮನವಿ ಪತ್ರದಲ್ಲೂ ಇರಲಿಲ್ಲ. ಕೆಲವು ಮ್ಯಾನ್‌ಹೋಲುಗಳು ಮನೆ ಮುಂದಿನ ಕಾಂಕ್ರೀಟಿನ ಕೆಳಗೆ ಹೂತುಹೋಗಿದ್ದವು. ಒಂದು ಅಡ್ಡರಸ್ತೆಯಲ್ಲಿ ನೀರಿನ ಕೊಳವೆ ಅರ್ಧಕ್ಕೇ ನಿಂತಿತ್ತು. ಎಷ್ಟು ಮನೆಗಳ ಕೊಳಚೆ ಮಳೆನೀರು ಚರಂಡಿಗೆ ಹೋಗುತ್ತಿದೆ ಎಂಬುದೂ, ಅದು ಕೊನೆಗೆ ಯಾವ ವಠಾರದ ಬಾಗಿಲ ಮುಂದೆ ಹಾದು ರಾಜಕಾಲುವೆಗೆ ಬೀಳುತ್ತದೆ ಎಂಬುದೂ ಕಣ್ಣಿಗೆ ಕಟ್ಟುವಂತೆ ಕಾಣಿಸಿತು.

ಮೊದಲ ತಿರುವು: ಸಭೆಯ ತೀರ್ಮಾನ

ಡಾಂಬರನ್ನು ಸದ್ಯಕ್ಕೆ ಮುಂದೂಡಿ ಎಂದು ಬಡಾವಣೆಯೇ ಬರೆದುಕೊಡಬೇಕೆಂಬ ಸಲಹೆ ಸಭೆಗೆ ಬಂದಾಗ ದೊಡ್ಡ ಗಲಾಟೆಯೇ ಆಯಿತು. ವಿರೋಧಿಸಿದವರ ಮಾತಿನಲ್ಲಿ ಹುರುಳಿತ್ತು. ಗುಂಡಿಗೆ ಬಿದ್ದು ಕೈ ಮುರಿದುಕೊಂಡ ಹಿರಿಯರಿದ್ದರು, ಧೂಳಿಗೆ ಉಸಿರಾಟದ ತೊಂದರೆ ಹೆಚ್ಚಾದ ಮಕ್ಕಳಿದ್ದರು. ಬಂದ ಅನುದಾನವನ್ನು ಬೇಡವೆಂದರೆ ಮತ್ತೆ ಯಾವಾಗ ಬರುತ್ತದೋ ಎಂಬ ಭಯ ಎಲ್ಲರಿಗೂ ಇತ್ತು. ನಗರದ ಅಂಚಿನಲ್ಲಿ ಬದುಕಿದವರಿಗೆ ಆ ಭಯ ಅನುಭವದಿಂದ ಬಂದದ್ದು. ಇನ್ನು ಕೆಲವರು ರಾಜಿಯೊಂದನ್ನು ಮುಂದಿಟ್ಟರು: ಮೊದಲು ನೀರಿನ ಸಂಪರ್ಕ ಪಡೆದುಬಿಡೋಣ, ಆಮೇಲೆ ಡಾಂಬರು ಆಗಲಿ, ಒಳಚರಂಡಿ ಯಾವಾಗಲಾದರೂ ಬರಲಿ.

ಓವರ್‌ಸಿಯರ್ ಇದನ್ನು ಬಲವಾಗಿ ವಿರೋಧಿಸಿದರು. ಮನೆಗೆ ಬರುವ ನೀರಿನಲ್ಲಿ ಸುಮಾರು ನೂರಕ್ಕೆ ಎಂಬತ್ತು ಭಾಗ ಕೊಳಚೆಯಾಗಿ ಹೊರಗೆ ಹೋಗುತ್ತದೆ ಎಂಬುದು ಒಳಚರಂಡಿ ವಿನ್ಯಾಸದ ಮೂಲ ಲೆಕ್ಕ. ಟ್ಯಾಂಕರ್ ನೀರನ್ನು ಲೆಕ್ಕ ಹಾಕಿ ಬಳಸುವ ಮನೆಗಳಿಗೆ ನಲ್ಲಿಯಲ್ಲಿ ನೀರು ಬಂದರೆ ಬಳಕೆ ಹೆಚ್ಚುತ್ತದೆ, ಪಿಟ್ಟುಗಳು ಬೇಗ ತುಂಬುತ್ತವೆ, ಚರಂಡಿಗೆ ಬಿಡುವವರು ಇನ್ನಷ್ಟಾಗುತ್ತಾರೆ. ಜೊತೆಗೆ ಇನ್ನೊಂದು ತಾಂತ್ರಿಕ ಕಾರಣವೂ ಇತ್ತು. ಕೊಳಚೆ ಹರಿಯುವುದು ಇಳಿಜಾರಿನ ಬಲದಿಂದ, ಹಾಗಾಗಿ ಅದರ ಕೊಳವೆಯ ಆಳವನ್ನೂ ಓಟವನ್ನೂ ಬೇಕಾದಂತೆ ಬದಲಿಸಲಾಗದು. ನೀರು ಬರುವುದು ಒತ್ತಡದಿಂದ, ಅದರ ಕೊಳವೆಯನ್ನು ಮೇಲೆ ಕೆಳಗೆ, ಆಚೆ ಈಚೆ ಸರಿಸಬಹುದು. ಆದ್ದರಿಂದ ಬಗ್ಗದ ಕೆಲಸ ಮೊದಲು ಆಗಬೇಕು, ಬಗ್ಗುವ ಕೆಲಸ ಆಮೇಲೆ, ರಸ್ತೆ ಕೊನೆಗೆ. ಇಷ್ಟು ಸರಳವಾದ ಕ್ರಮವನ್ನು ಸಾಲು ವರ್ಷದ ಅನುದಾನಗಳ ಓಟದಲ್ಲಿ ನಾವು ಮತ್ತೆ ಮತ್ತೆ ತಲೆಕೆಳಗು ಮಾಡುತ್ತಿದ್ದೇವೆ ಎಂಬುದು ನನ್ನನ್ನು ಬಹಳ ನೋಯಿಸುವ ಸಂಗತಿ.

ಆದರೆ ಸಭೆಯ ಮನಸ್ಸನ್ನು ತಿರುಗಿಸಿದ್ದು ಈ ಲೆಕ್ಕವಲ್ಲ. ಕೆಳಗಿನ ವಠಾರದಿಂದ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ ಹೆಂಗಸೊಬ್ಬರು ಎದ್ದು ಹೀಗೆ ಕೇಳಿದರು: "ಮ್ಯಾಲಿನ ಮನಿಗೆ ಕಾವೇರಿ ನೀರು ಬಂದ್ರ ಭಾಳ ಚಲೋ ಆತ್ರಿ. ಅದ ನೀರು ತಿರುಗಿ ಹರಿದು ಬರೋದು ನಮ್ಮ ಬಾಗಲ ಮುಂದ ಅಲ್ಲೇನ್ರಿ?" ಅಲ್ಲಿಯತನಕ ಸಂಘದ ಸಭೆಗಳಿಗೆ ಬಾಡಿಗೆದಾರರನ್ನು ಕರೆಯುವ ರೂಢಿಯೇ ಇರಲಿಲ್ಲ, ನಕ್ಷೆಗಾಗಿ ಓಡಾಡುವಾಗ ಪರಿಚಯವಾದ ಹುಡುಗರು ಅವರನ್ನು ಕರೆದಿದ್ದರು. ಒಳಚರಂಡಿಯ ತುಂಡು ಸೇರಿ, ಮನೆ ಸಂಪರ್ಕಗಳು ಮುಗಿಯುವ ತನಕ ಡಾಂಬರು ಬೇಡವೆಂದು, ಅಲ್ಲಿಯವರೆಗೆ ಗುಂಡಿ ಮುಚ್ಚಿ ವೆಟ್ ಮಿಕ್ಸ್ (ನೀರು ಬೆರೆಸಿದ ಜಲ್ಲಿ ಮಿಶ್ರಣ) ಹಾಕಿ ರೋಲರ್ ಓಡಿಸಿಕೊಡಬೇಕೆಂದು ಸಭೆ ಬಹುಮತದಿಂದ ನಿರ್ಣಯಿಸಿತು.

ನಿರ್ಣಯವನ್ನೂ ನಕ್ಷೆಯನ್ನೂ ಹಿಡಿದುಕೊಂಡು ಹೋದಾಗ ರಸ್ತೆಯ ಕಚೇರಿಯ ಎಂಜಿನಿಯರ್ ಅದನ್ನು ಗಂಭೀರವಾಗಿ ತೆಗೆದುಕೊಂಡರು. ಹಾಕಿದ ಡಾಂಬರನ್ನು ತಿಂಗಳೊಳಗೆ ಕತ್ತರಿಸಿದರೆ ಉತ್ತರ ಕೊಡಬೇಕಾದವರು ಅವರೇ ಆಗಿದ್ದರು. ಮಂಜೂರಾದ ಹಣವನ್ನು ಕಳೆದುಕೊಳ್ಳದೆ, ಒಳಗಿನ ಬೀದಿಗಳಿಗೆ ವೆಟ್ ಮಿಕ್ಸ್ ಮಾತ್ರ ಹಾಕಿ, ಡಾಂಬರಿನ ಮೊತ್ತವನ್ನು ಬಸ್ಸು ಓಡಾಡುವ ರಸ್ತೆಗೆ ಬಳಸಿ, ಬಡಾವಣೆಯ ಬೀದಿಗಳನ್ನು ಮುಂದಿನ ಸಾಲಿನ ಕ್ರಿಯಾ ಯೋಜನೆಗೆ ಸೇರಿಸುವ ಪ್ರಸ್ತಾವವನ್ನು ಅವರೇ ಸಿದ್ಧಪಡಿಸಿದರು. ಮುಂದಿನ ಸಾಲಿನಲ್ಲಿ ಹಣ ಬಂದೇ ಬರುತ್ತದೆಂಬ ಭರವಸೆಯನ್ನು ಅವರು ಕೊಡಲಿಲ್ಲ, ಕೊಡುವಂತೆಯೂ ಇರಲಿಲ್ಲ. ಆ ಅಪಾಯವನ್ನು ಬಡಾವಣೆ ತಿಳಿದೇ ಒಪ್ಪಿಕೊಂಡಿತು.

ಎರಡನೆಯ ತಿರುವು: ಕೊನೆಯ ತುಂಡು

ಒಳಚರಂಡಿಯ ಕೊನೆಯ ತುಂಡಿಗೆ ಅಡ್ಡಿಯಾಗಿದ್ದದ್ದು ರಾಜಕಾಲುವೆಗೆ ತಾಗಿದ ಖಾಸಗಿ ಜಮೀನು. ಮಾಲೀಕರು ಹಠಮಾರಿ ಎಂಬ ಮಾತು ಬಡಾವಣೆಯಲ್ಲಿ ಹರಡಿತ್ತು. ಅವರ ಮನೆಗೆ ಹೋಗಿ ಕೇಳಿದಾಗ ತಿಳಿದದ್ದೇ ಬೇರೆ: ಕೊಳವೆ ತಮ್ಮ ಜಮೀನಿನ ನಡುವೆ ಹೋಗುವಂತೆ ಗುರುತು ಹಾಕಿದ್ದಕ್ಕೆ ಅವರು ಆಕ್ಷೇಪಿಸಿದ್ದರು, ಅಂಚಿನಲ್ಲಿ ಹೋಗುವುದಾದರೆ ಅವರದೇನೂ ಅಭ್ಯಂತರ ಇರಲಿಲ್ಲ. ಇಷ್ಟು ವರ್ಷಗಳಲ್ಲಿ ಯಾರೂ ಅವರನ್ನು ಹೀಗೆ ಕೂರಿಸಿ ಕೇಳಿರಲಿಲ್ಲ. ತಾಲ್ಲೂಕಿನ ಸರ್ವೆಯರನ್ನು ಕರೆಸಿ, ಹಳೆಯ ಗ್ರಾಮ ನಕ್ಷೆಯನ್ನು ಇಟ್ಟು ಅಳತೆ ಮಾಡಿಸಿದಾಗ ಕಾಲುವೆಗೂ ಅವರ ಜಮೀನಿಗೂ ನಡುವೆ ಬಿ ಖರಾಬಿನ ಒಂದು ಪಟ್ಟಿ ಇರುವುದು ಕಂಡುಬಂತು. ಬಿ ಖರಾಬು ಸಾರ್ವಜನಿಕ ಉಪಯೋಗಕ್ಕೆ ಮೀಸಲಾದ ನೆಲವಾದ್ದರಿಂದ ಕೊಳವೆಯ ದಾರಿಯನ್ನು ಅಲ್ಲಿಗೆ ಸರಿಸಬಹುದಿತ್ತು. ಉದ್ದ ಸ್ವಲ್ಪ ಹೆಚ್ಚಾಯಿತು, ಒಂದು ತಿರುವಿಗಾಗಿ ಹೆಚ್ಚುವರಿ ಮ್ಯಾನ್‌ಹೋಲ್ ಬೇಕಾಯಿತು. ಪರಿಷ್ಕೃತ ಅಂದಾಜು ಪಟ್ಟಿ ಮೇಲಿನ ಅನುಮೋದನೆ ಪಡೆದು ಬರುವಷ್ಟರಲ್ಲಿ ತಿಂಗಳುಗಳು ಕಳೆದವು; 2025ರ ಬೇಸಿಗೆಗೆ ಮುಂಚೆ ಕೆಲಸ ಮುಗಿಯಿತು.

ಮನೆ ಸಂಪರ್ಕ ಮತ್ತು ಹಣ

ಐದನೇ ಹಂತ 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾಯಿತು. ಮನೆಗಳಿಂದ ಅರ್ಜಿಗಳು ಬರಲು ಮಾತ್ರ ತಡವಾಯಿತು. ಸಂಪರ್ಕಕ್ಕೆ ಮುಂಗಡವಾಗಿ ಕಟ್ಟಬೇಕಾದ ಶುಲ್ಕಗಳನ್ನು ಒಟ್ಟಿಗೆ ಭರಿಸುವುದು ಅನೇಕರಿಗೆ ಕಷ್ಟವಾಗಿತ್ತು. ಕಂತಿನಲ್ಲಿ ಕಟ್ಟುವ ಅವಕಾಶ ಬಂದ ಮೇಲೆ ಸ್ವಂತ ಮನೆಗಳವರು ಒಬ್ಬೊಬ್ಬರಾಗಿ ಮುಂದೆ ಬಂದರು. ಮುಂದೆ ಬರದೇ ಉಳಿದವರು ವಠಾರಗಳ ಮಾಲೀಕರು. ಟ್ಯಾಂಕರಿನ ಖರ್ಚು ಬಾಡಿಗೆದಾರರದು, ಸಂಪರ್ಕದ ಖರ್ಚು ತಮ್ಮದು, ಹೀಗಿರುವಾಗ ಹಣ ಹಾಕುವುದೇಕೆ ಎಂಬುದು ಅವರ ಲೆಕ್ಕ. ಮೇಲಿನ ಬೀದಿಗಳಷ್ಟೇ ಸಂಪರ್ಕ ಪಡೆದು ಕೆಲಸ ಮುಗಿಯಿತೆಂದು ಸಂಘ ಕೈತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡದೆ ಪ್ರತಿ ವಠಾರದ ತಿಂಗಳ ಟ್ಯಾಂಕರ್ ಖರ್ಚನ್ನು ಬಾಡಿಗೆದಾರರಿಂದಲೇ ಕೇಳಿ ಬರೆದುಕೊಂಡು, ಒಂದೇ ಸಂಪರ್ಕ, ಒಂದು ಸಂಪು, ಒಂದು ಮೀಟರ್ ಇಟ್ಟು ನೀರಿನ ಬಿಲ್ಲನ್ನು ಮನೆಗಳ ನಡುವೆ ಹಂಚಿದರೆ ಎಷ್ಟು ಉಳಿಯುತ್ತದೆ, ಆ ಉಳಿಕೆಯಲ್ಲಿ ಒಂದು ಪಾಲನ್ನು ಕೆಲವು ಕಾಲ ಮಾಲೀಕರ ಕಂತಿಗೆ ಹೇಗೆ ಕೊಡಬಹುದು ಎಂದು ಲೆಕ್ಕ ತೋರಿಸಲಾಯಿತು. ಹೆಚ್ಚಿನ ಮಾಲೀಕರು ಒಪ್ಪಿದರು. ಒಪ್ಪಿದವರಲ್ಲೇ ಕೆಲವರು ಕಂತು ತೀರುವ ಮೊದಲೇ ಬಾಡಿಗೆ ಏರಿಸಿದರು, ಅದರಿಂದ ಒಂದೆರಡು ಕುಟುಂಬಗಳು ಮನೆ ಬಿಟ್ಟು ಇನ್ನೂ ದೂರಕ್ಕೆ ಹೋದವು. ಸೌಲಭ್ಯ ಬಂದ ಕಡೆ ಬಾಡಿಗೆ ಏರುವುದನ್ನು ತಡೆಯಲು ಈ ಬಡಾವಣೆಯ ಬಳಿ ಯಾವ ಉಪಾಯವೂ ಇರಲಿಲ್ಲ, ಇದು ಈ ಪ್ರಕರಣದಲ್ಲಿ ನಿಜವಾಗಿ ಸೋತ ಭಾಗ.

ನಡೆದದ್ದು

ಕೊಳವೆಗಳಿಗೆ ಮೊದಲ ಬಾರಿ ನೀರು ಬಿಟ್ಟಾಗ ವರ್ಷಗಳಿಂದ ತುಂಬಿದ್ದ ಮಣ್ಣು ಹೊರಬಂತು. ಕೊಳವೆ ತೊಳೆದು, ಒತ್ತಡ ಪರೀಕ್ಷೆ ಮಾಡಿದಾಗ ಹಲವು ಕಡೆ ಸೋರಿಕೆ ಕಾಣಿಸಿತು. ಡಾಂಬರಿಲ್ಲದ ರಸ್ತೆಯಲ್ಲಿ ಅಗೆದು ಸರಿಪಡಿಸುವುದು ಸುಲಭವಾಯಿತು, ಮುಂದೂಡಿದ ತೀರ್ಮಾನದ ಬೆಲೆ ಅನುಮಾನವಿದ್ದವರಿಗೂ ತಿಳಿದದ್ದು ಆಗಲೇ.

ಯಾರೂ ಎಣಿಸದಿದ್ದ ಒಂದು ತೊಂದರೆ ಆಮೇಲೆ ಎದುರಾಯಿತು. ಇಳಿಜಾರಿನ ಕೆಳಗಿರುವ ವಠಾರಗಳಿಗೆ ನೀರು ಜೋರಾಗಿ ಬಂದರೆ ಮೇಲಿನ ಗ್ರಾಮಠಾಣಾದ ಮನೆಗಳಿಗೆ ಹನಿಯೂ ಏರುತ್ತಿರಲಿಲ್ಲ. ಮೇಲಿನವರು ಮೋಟಾರ್ ಹಾಕಿ ಕೊಳವೆಯಿಂದಲೇ ಎಳೆಯತೊಡಗಿದರು. ಹೀಗೆ ನೇರವಾಗಿ ಎಳೆಯುವವರಿಗೆ ಜಲಮಂಡಳಿ 2025ರ ಏಪ್ರಿಲ್‌ನಲ್ಲಿ 5,000 ರೂಪಾಯಿ ದಂಡ ಘೋಷಿಸಿತು. ದಂಡದ ಭಯ ಒಂದಿಷ್ಟು ಕೆಲಸ ಮಾಡಿತು, ಆದರೆ ಸಮಸ್ಯೆ ಹತೋಟಿಗೆ ಬಂದದ್ದು ನೀರುಗಂಟಿಯಿಂದ. ಕೆಳಗಿನ ವಾಲ್ವುಗಳನ್ನು ಎಷ್ಟು ಸುತ್ತು ಬಿಗಿದರೆ ಮೇಲಿನ ಬೀದಿಗೆ ನೀರು ಏರುತ್ತದೆ ಎಂಬುದನ್ನು ಅವರು ದಿನವೂ ತಿರುಗಿಸಿ ತಿರುಗಿಸಿ ಕಂಡುಕೊಂಡರು, ಯಾವ ಬೀದಿಗೆ ಯಾವ ದಿನ ಎಂಬ ಸರದಿಯನ್ನು ಹಲಗೆಯ ಮೇಲೆ ಬರೆಸಿದರು.

ಒಂದು ಅಡ್ಡರಸ್ತೆಯಲ್ಲಿ ನೀರಿಗೆ ವಾಸನೆ ಬಂದಾಗ ಇಡೀ ಬಡಾವಣೆ ಗಾಬರಿಯಾಯಿತು. ಸರದಿಯಲ್ಲಿ ನೀರು ಬಿಡುವ ಕೊಳವೆಗೆ ಇರುವ ದೊಡ್ಡ ಅಪಾಯ ಇದೇ: ನೀರು ನಿಂತ ಹೊತ್ತಿನಲ್ಲಿ ಒಳಗೆ ಒತ್ತಡ ಇಳಿದು, ಸೋರುವ ಸಂದಿನಿಂದ ಹೊರಗಿನ ಕೊಳಕು ಒಳಕ್ಕೆ ಸೇರುತ್ತದೆ. ನಕ್ಷೆಯನ್ನು ನೋಡಿದಾಗ ಆ ಜಾಗದಲ್ಲಿ ಬಳಕೆ ನಿಲ್ಲಿಸಿದ ಹಳೆಯ ಪಿಟ್ಟೊಂದು ಕೊಳವೆಗೆ ತೀರಾ ಹತ್ತಿರದಲ್ಲಿರುವುದು ತಿಳಿಯಿತು. ಅದೇ ದಿನ ಆ ಬೀದಿಯ ವಾಲ್ವ್ ಮುಚ್ಚಿ, ಪಿಟ್ಟನ್ನು ಖಾಲಿ ಮಾಡಿಸಿ ಮಣ್ಣು ತುಂಬಿಸಿ, ಸಂದನ್ನು ಬದಲಿಸಲಾಯಿತು. ಉಳಿದ ಹಳೆಯ ಪಿಟ್ಟುಗಳನ್ನೂ ಮುಚ್ಚಿಸುವ ಕೆಲಸವನ್ನು ಸಂಘ ಅದಾದ ಮೇಲೆ ಕೈಗೆತ್ತಿಕೊಂಡಿತು. ಒಳಚರಂಡಿ ಸಂಪರ್ಕ ಕೊಟ್ಟ ದಿನವೇ ಮಾಡಿಸಬೇಕಾಗಿದ್ದ ಕೆಲಸ ಅದು. ಬೇರೆ ಬಡಾವಣೆಗಳವರು ಇದನ್ನು ಮೊದಲೇ ಪಟ್ಟಿಗೆ ಸೇರಿಸಿಕೊಳ್ಳಬೇಕು.

ಡಾಂಬರು ಹೇಳಿದ ಹೊತ್ತಿಗೆ ಬರಲಿಲ್ಲ. ಕ್ರಿಯಾ ಯೋಜನೆಯಲ್ಲಿ ಹೆಸರಿದ್ದರೂ ಇನ್ನೊಂದು ಬೇಸಿಗೆಯ ಧೂಳನ್ನು ಜನ ಸಹಿಸಬೇಕಾಯಿತು, ಸಭೆಯಲ್ಲಿ ವಿರೋಧಿಸಿದ್ದವರು ಆ ದಿನಗಳಲ್ಲಿ ಸಂಘದ ಪದಾಧಿಕಾರಿಗಳನ್ನು ಕಂಡಾಗೆಲ್ಲ ಡಾಂಬರು ಎಲ್ಲಿ ಎಂದು ಕೇಳಿದರು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯ ಜಾಗದಲ್ಲಿ ಐದು ನಗರ ಪಾಲಿಕೆಗಳು ಬಂದಾಗ ಕಡತವೂ ಹೊಸ ಕಚೇರಿಗೆ ಹೋಗಬೇಕಾಯಿತು. ಆಗ ನೆರವಾದದ್ದು ಸಭೆಯ ನಿರ್ಣಯ, ಹಿಂದಿನ ಎಂಜಿನಿಯರ್ ಬರೆದಿದ್ದ ಟಿಪ್ಪಣಿ, ಮತ್ತು ಎರಡೂ ಕಚೇರಿಗಳ ಸಹಿ ಇದ್ದ ಜಂಟಿ ಸ್ಥಳ ಪರಿಶೀಲನೆಯ ವರದಿ. ಬಾಯಿಮಾತಿನ ಒಪ್ಪಂದವಾಗಿದ್ದರೆ ಅಧಿಕಾರಿ ಬದಲಾದ ದಿನವೇ ಅದು ಕಳೆದುಹೋಗುತ್ತಿತ್ತು. ಮಳೆಗಾಲ ಮುಗಿದ ಮೇಲೆ ಡಾಂಬರು ಬಿತ್ತು, ಜಾಗದ ವ್ಯಾಜ್ಯ ನ್ಯಾಯಾಲಯದಲ್ಲಿರುವ ಒಂದು ಅಡ್ಡರಸ್ತೆಯನ್ನು ಬಿಟ್ಟು.

ಈ ಪ್ರಕರಣವನ್ನು ಅನುಸರಿಸಲು ಬಯಸುವವರಿಗೆ

ಇದೇ ಕ್ರಮ ಎಲ್ಲ ಕಡೆಯೂ ಫಲಿಸುತ್ತದೆಂದು ಹೇಳಲಾರೆ. ಇಲ್ಲಿ ಒಳಚರಂಡಿ ಬಹುಪಾಲು ಮೊದಲೇ ಇತ್ತು, ಉಳಿದಿದ್ದದ್ದು ಒಂದು ತುಂಡು. ಅದಿಲ್ಲದ ಬಡಾವಣೆಯವರಿಗೆ ಡಾಂಬರು ಬೇಡವೆನ್ನುವ ಸಲಹೆ ಕೊಟ್ಟರೆ ಅವರು ಎಷ್ಟೋ ವರ್ಷ ಗುಂಡಿಗಳಲ್ಲೇ ಓಡಾಡಬೇಕಾದೀತು. ಮುಂದೂಡುವ ಮೊದಲು ಉಳಿದ ಕೆಲಸವೆಷ್ಟು, ಅದಕ್ಕೆ ಅಡ್ಡಿ ಏನು, ಆ ಅಡ್ಡಿ ತೆಗೆಯಲು ಯಾರನ್ನು ಕೇಳಬೇಕು ಎಂಬ ಮೂರೂ ಗೊತ್ತಿರಬೇಕು. ರಸ್ತೆಯ ಕಚೇರಿಯವರು ಕೇಳಿದ ಮೊದಲ ಪ್ರಶ್ನೆಯೂ ಅದೇ ಆಗಿತ್ತು, ನಕ್ಷೆ ಇದ್ದುದರಿಂದ ಉತ್ತರ ಕೊಡಲು ಸಾಧ್ಯವಾಯಿತು. ಬಾಡಿಗೆದಾರರನ್ನು ಸಭೆಗೆ ಕರೆಯದೆ ಇದ್ದಿದ್ದರೆ ಆ ನಿರ್ಣಯ ಬೇರೆಯೇ ಆಗುತ್ತಿತ್ತೆಂಬುದರಲ್ಲಿ ನನಗೆ ಸಂದೇಹವಿಲ್ಲ. ಈಗ ಸಂಘದ ನಿಯಮಗಳಲ್ಲಿ ಅವರಿಗೂ ಮತದ ಹಕ್ಕು ಕೊಡುವ ತಿದ್ದುಪಡಿ ಚರ್ಚೆಯಲ್ಲಿದೆ, ಕೆಲವು ಮಾಲೀಕರ ವಿರೋಧ ಇನ್ನೂ ಇದೆ.

ಕೊಳವೆಬಾವಿಗಳನ್ನು ಮುಚ್ಚಿಲ್ಲ. ತೊಳೆಯುವುದಕ್ಕೆ, ಗಿಡಗಳಿಗೆ, ಕಾವೇರಿ ನೀರು ನಿಂತ ದಿನಗಳಿಗೆ ಅವು ಬೇಕು ಎಂದು ತೀರ್ಮಾನವಾಗಿ, ಚಾವಣಿಯ ಮಳೆನೀರನ್ನು ಅವುಗಳ ಪಕ್ಕದ ಇಂಗುಗುಂಡಿಗೆ ಬಿಡುವ ಕೆಲಸ ಬೀದಿಯಿಂದ ಬೀದಿಗೆ ಸಾಗಿದೆ. ಟ್ಯಾಂಕರುಗಳು ಕಡಿಮೆಯಾಗಿವೆ, ಪೂರ್ತಿ ನಿಂತಿಲ್ಲ. ನೀರುಗಂಟಿ ನಿವೃತ್ತಿಯ ವಯಸ್ಸಿಗೆ ಬಂದಿದ್ದಾರೆ. ಅವರ ಜೊತೆ ಓಡಾಡಿ ಕೆಲಸ ಕಲಿಯಲು ಒಬ್ಬರನ್ನು ಈಗಲೇ ನೇಮಿಸಿ ಎಂದು ಸಂಘ ನೀರಿನ ಕಚೇರಿಗೆ ಬರೆದಿದೆ, ಉತ್ತರ ಬರಬೇಕಿದೆ.